ಮಂಜುಗಡ್ಡೆಗೊಂದು ದಿಂಬು

ಗಾರ್ನೆಟ್ ಹೋಗುವಾಗ ಕಂಪ್ರೆಸರ್ ಒಯ್ದ.
ದೋಣಿ ಒಯ್ದ, ಗರಗಸ ಒಯ್ದ, ನಾಯಿಯನ್ನೂ.
ಕೊಳ ಮಾತ್ರ ಗಾಡಿಗೆ ಏರಲಿಲ್ಲ.
ವಕೀಲರ ಕಾಗದದಲ್ಲಿ ಅದು ನನ್ನ ಪಾಲು:
ಹದಿನಾರು ಅಡಿ ಅಗಲ, ಮೂವತ್ತೆರಡು ಉದ್ದ,
ಆಳದ ತುದಿಯಲ್ಲಿ ಎಂಟು.

ಸಡ್ಬರಿಯಲ್ಲಿ ಈಜುವುದು ಹತ್ತು ವಾರ.
ಉಳಿದ ನಲವತ್ತೆರಡು ವಾರ
ಕೊಳವೆಂದರೆ ಬರೀ ಕಾವಲು.
ಶುಕ್ರವಾರ ರಾತ್ರಿ ಮೈನಸ್ ಆರು ಎಂದಿತು ರೇಡಿಯೋ.
ಇವತ್ತು ಬುಧವಾರ.

ಮೊದಲು ಎಲೆ.
ಬರ್ಚ್ ಮರಕ್ಕೆ ಕರುಣೆಯಿಲ್ಲ,
ಒಂದು ಬಲೆ ಎತ್ತಿ ಸುರಿದು ತಿರುಗುವಷ್ಟರಲ್ಲಿ
ಇನ್ನೊಂದು ಹಿಡಿ ಹಳದಿ ಚಿಲ್ಲರೆ ಎಸೆಯುತ್ತದೆ.
ಸ್ಕಿಮ್ಮರ್ ಬುಟ್ಟಿಯಲ್ಲಿ ಒಂದು ಕಪ್ಪೆ,
ಜೀವ ಇತ್ತು,
ಬಾಡಿಗೆ ಕಟ್ಟಿದವರ ಹಾಗೆ ದಿಟ್ಟಿಸಿತು.
ಬೇಲಿಯಾಚೆ ಬಿಟ್ಟುಬಂದೆ.

ಆಮೇಲೆ ನೀರು ಇಳಿಸಬೇಕು,
ಗೋಡೆಯ ಬಾಯಿಗಿಂತ ಒಂದು ಗೇಣು ಕೆಳಕ್ಕೆ.
ಇಷ್ಟು ವರ್ಷ ಆ ಗೇಣು ಅವನದು.
ನನ್ನದು ಚಿಕ್ಕದು.
ಎರಡು ಬೆರಳು ಸೇರಿಸಿದೆ.

ಪಕ್ಕದ ಮನೆಯ ಟೆಲೆಸ್ಫೋರ್,
ಎಂಬತ್ತೊಂದು ದಾಟಿದವನು,
ಮೂವತ್ನಾಲ್ಕು ವರ್ಷ ನಿಕಲ್ ಗಣಿಯೊಳಗೆ ಇಳಿದು ಹತ್ತಿದವನು,
ತನ್ನ ಕಂಪ್ರೆಸರನ್ನು ಕೈಗಾಡಿಯಲ್ಲಿ ಕೂರಿಸಿ
ಮದುಮಗನನ್ನು ಕರೆತರುವ ಗತ್ತಿನಲ್ಲಿ ತಳ್ಳಿಕೊಂಡು ಬಂದ.
"ಗಾಳಿಯನ್ನು ನಂಬಬೇಕು ಐಲಾ,
ಮೂರು ಸಾವಿರ ಅಡಿ ಕೆಳಗೆ
ನಮ್ಮ ಪಾಲಿಗೆ ಬರುತ್ತಿದ್ದದ್ದೂ ಕೊಳವೆಯ ಗಾಳಿಯೇ."

ಗುಂಡಿ ಒತ್ತಿದ.
ಪೈಪು ಕೆಮ್ಮಿತು, ಗಂಟಲು ಕೆರೆಯಿತು,
ಬೇಸಿಗೆಯೆಲ್ಲ ನುಂಗಿದ್ದನ್ನು ಗುಳುಗುಳು ಉಗುಳಿತು:
ಮರಳು, ಒಂದು ಕೂದಲ ರಬ್ಬರು, ಪೈನ್ ಸೂಜಿಗಳು.
"ಬಿರಡೆ! ಈಗ! ಈಗಲೇ!"
ಹೊಟ್ಟೆಯ ಮೇಲೆ ಮಲಗಿ, ಹೆಗಲವರೆಗೆ ಕೈ ಇಳಿಸಿ
ಮೊದಲ ಬಾಯಿ ಮುಚ್ಚಿದೆ.
ಎರಡನೆಯದನ್ನೂ.
ಮೂರನೆಯ ಬಿರಡೆ ಇಲ್ಲ.

ಗ್ಯಾರೇಜಿನಲ್ಲಿಲ್ಲ, ನೆಲಮಾಳಿಗೆಯಲ್ಲಿಲ್ಲ,
ಮೈರೆಯ ಆಟದ ಪೆಟ್ಟಿಗೆಯಲ್ಲೂ ಇಲ್ಲ.
ಟೆಲೆಸ್ಫೋರ್ ಆಕಾಶ ನೋಡಿದ, ಗಡಿಯಾರ ನೋಡಿದ,
ನನ್ನನ್ನು ಮಾತ್ರ ನೋಡಲಿಲ್ಲ.

ಐದು ತಿಂಗಳ ಮೇಲೆ ಫೋನು ಮಾಡಿದೆ.
"ಮೂರನೇ ಬಿರಡೆ ಎಲ್ಲಿ?"
ಅತ್ತ ನಾಯಿ ಬೊಗಳಿತು, ನನ್ನ ದನಿಗೋ ಏನೋ.
"ಕಾಫಿ ಡಬ್ಬಿಯಲ್ಲಿ. ಮೊಳೆಗಳ ಕೆಳಗೆ."
ಇಡಬೇಕು ಅನ್ನುವಾಗ
"ದಿಂಬು ಮರೀಬೇಡ" ಅಂದ.
"ಮರೆತಿಲ್ಲ" ಅಂದೆ. ಮರೆತಿದ್ದೆ.

ನೀರು ಹೆಪ್ಪುಗಟ್ಟುತ್ತದೆ ಅನ್ನುತ್ತೇವೆ,
ಹೆಪ್ಪು ಹಾಕುವವರು ಯಾರು?
ನನ್ನಮ್ಮ ಬಟ್ಟಲಿನ ತಳಕ್ಕೆ ನಿನ್ನೆಯ ವೀಲಿ ಒಂದು ಚಮಚ ಸವರಿ,
ಹಾಲು ಸುರಿದು, ಮುಚ್ಚಿ,
ಯಾರೂ ಅಲ್ಲಾಡಿಸಬೇಡಿ ಅನ್ನುತ್ತಿದ್ದಳು.
ಬೆಳಗ್ಗೆ ಅದು ಬಟ್ಟಲ ಅಳತೆಗೇ ನಿಂತಿರುತ್ತಿತ್ತು.
ನೀರಿಗೆ ಆ ಸಂಯಮವಿಲ್ಲ. ಹಿಗ್ಗುತ್ತದೆ.
ಹಿಗ್ಗಿದರೆ ಗೋಡೆ ಸೀಳುತ್ತದೆ,
ಶಾಲೆಯಲ್ಲಿ ಗಾಜಿನ ಬಾಟಲಿ ಒಡೆದು ತೋರಿಸಿದರಂತೆ,
ಮೈರೆ ಹೇಳುತ್ತಾಳೆ, ಹನ್ನೊಂದು ವರ್ಷದವಳು.
ಅದಕ್ಕೇ ನಡುವೆ ಗಾಳಿ ತುಂಬಿದ ದಿಂಬು:
ಒತ್ತುವುದಿದ್ದರೆ ಇದನ್ನು ಒತ್ತು.

ಕಂಪ್ರೆಸರಿನ ಮೂತಿ ಅದಕ್ಕೆ ಕೂಡಲಿಲ್ಲ.
ತಾಯಿ ಮಗಳು ಸರದಿಯಲ್ಲಿ ಊದಿದೆವು,
ಕಣ್ಣು ಕತ್ತಲಿಟ್ಟು, ಹುಲ್ಲಿನ ಮೇಲೆ ಕೂತು, ನಕ್ಕು, ಮತ್ತೆ ಊದಿ.
ಪೂರ್ತಿ ಬಿರಿಯುವಷ್ಟು ಬೇಡ ಎಂದ ಟೆಲೆಸ್ಫೋರ್,
ಕುಗ್ಗಲು ಜಾಗ ಇರಲಿ.

ಹಸಿರು ಹೊದಿಕೆ ಎಳೆದು
ಅಂಚಿಗೆ ನೀರಿನ ಚೀಲಗಳನ್ನು ಸಾಲಾಗಿ ಮಲಗಿಸಿದಾಗ
ಐದೂವರೆ, ಆಗಲೇ ಕತ್ತಲು.
ನಡುವೆ ಉಬ್ಬಿದ್ದನ್ನು ನೋಡಿ
ಯಾರೋ ಮುಸುಕೆಳೆದು ಮಲಗಿದ ಹಾಗಿದೆ ಎಂದಳು ಮೈರೆ.
ನಾನು ಏನೂ ಹೇಳಲಿಲ್ಲ.
ಕೈ ಮೊಣಕೈವರೆಗೆ ಮರಗಟ್ಟಿತ್ತು.

ರಾತ್ರಿ ಮೊಳೆಗಳನ್ನು ಬೇರೆ ಡಬ್ಬಿಗೆ ಸುರಿದು
ಕಾಫಿ ಡಬ್ಬಿಯ ಮುಚ್ಚಳದ ಮೇಲೆ
ಅಳಿಸದ ಶಾಯಿಯಲ್ಲಿ ಬರೆದಿಟ್ಟೆ:
ಬಿರಡೆ ಮೂರು.
ದಿಂಬು ಬಾಯಲ್ಲೇ ಊದುವುದು.
ನೀರು, ನನ್ನ ಒಂದು ಗೇಣು, ಎರಡು ಬೆರಳು.