ಉಜ್ಜಿದ ಗಾಳಿ

ಎನಿಡ್ ಸ್ಟ್ಯಾನಿಫೋರ್ತ್, ಎಂಬತ್ತೊಂದು.
ಕಿವಿಯೋಲೆ ಬಿಚ್ಚಿ ತಟ್ಟೆಗಿಟ್ಟಳು.
ಶೆಫೀಲ್ಡಿನಲ್ಲಿ ಮೂವತ್ತು ವರ್ಷ ಚಮಚ ಉಜ್ಜಿದ ಬೆರಳಿಗೆ
ಲೋಹವಿಲ್ಲದೆ ಏನೋ ಮುಜುಗರ.

"ಮಾಮೂಲಿ ಎಂಆರ್‌ಐಗೆ ಶ್ವಾಸಕೋಶ ಬರೀ ಕತ್ತಲೆ,
ಹಿಡಿಯೋಕೆ ನೀರೇ ಸಾಲದು," ಅಂದ ಹುಡುಗ.
ಕೈಯಲ್ಲಿ ಝೆನಾನ್ ಚೀಲ.
"ಇದು ಲೇಸರಿನಲ್ಲಿ ಹದ ಮಾಡಿದ ಗಾಳಿ."

"ಅಂದ್ರೆ, ಪಾಲಿಶ್ ಮಾಡಿದ್ದು?"

ತಡವರಿಸಿದ. "ಹೂಂ, ಹಾಗೇ ಅನ್ನಿ. ಬೇಗ ಮಾಸುತ್ತೆ."
"ಬೆಳ್ಳಿನೂ ಅಷ್ಟೇ," ಎಂದು
ಒಂದೇ ಗುಟುಕಿಗೆ ಎಳೆದುಕೊಂಡಳು.

ಹನ್ನೆರಡು ಎಣಿಸುವಷ್ಟು ಹೊತ್ತು
ಯಂತ್ರ ತಗಡು ಬಡಿಯಿತು.
ಉಸಿರು ಬಿಗಿಹಿಡಿದಳು,
ಅಂದು ಮರಳುಧೂಳಿನೆದುರು
ಹಿಡಿಯದೆ ಬಿಟ್ಟದ್ದನ್ನೂ ಸೇರಿಸಿ.

ಪರದೆಯಲ್ಲಿ ಎರಡು ಹೊಳಪು.
ಬಲಗಡೆ ತುದಿಗೆ ಮಾತ್ರ
ಹೆಬ್ಬೆಟ್ಟಿನಗಲ ಕಪ್ಪು.

ಕನ್ನಡಕ ಏರಿಸಿ ನೋಡಿದಳು, ತುಂಬ ಹೊತ್ತು.
"ನಮ್ಮ ಹಿಲ್ಡಾ ಮೇಸ್ತ್ರಿ ಕಂಡಿದ್ದರೆ
ವಾಪಸ್ ಎಸೀತಿದ್ಲು,
ಇನ್ನೊಮ್ಮೆ ಉಜ್ಜು ಅಂತ."