ನಾಲ್ಕು ಕಡ್ಡಿ

ಹದಿನೆಂಟು ಮಳೆಗಾಲ ಈ ಶಾಲೆಯಲ್ಲಿ ಅಕ್ಕಿ ತೊಳೆದವಳು ನಾನು.
ಯಾವ ಮಗು ಬೇಳೆ ಬದಿಗೆ ಸರಿಸುತ್ತದೆ,
ಯಾವುದು ಮೊಟ್ಟೆಯ ಹಳದಿ ತಮ್ಮನಿಗೆಂದು ಕಿಸೆಗೆ ಹಾಕುತ್ತದೆ,
ಎಲ್ಲ ಗೊತ್ತು. ಗೊತ್ತಿರಲಿಲ್ಲ
ಕಾಂಪೌಂಡಿನಾಚೆ ಗುಂಡಿ ತೋಡಿದ್ದು ಯಾತಕ್ಕೆಂದು.

ಬಾವಿ ಅಂದುಕೊಂಡೆವು.
ನಾಲ್ಕು ಮೂಲೆಗೆ ನಾಲ್ಕು ಬಾವಿ ಯಾರು ತೋಡುತ್ತಾರೆ?
ಕಬ್ಬಿಣ ಬಂತು ಅಂಕೋಲೆಯಿಂದ, ರಾತ್ರಿಯ ಲಾರಿಯಲ್ಲಿ,
ಹೆದ್ದಾರಿ ಬಿಟ್ಟು ಕೇರಿಗೆ ತಿರುಗುವಲ್ಲಿ
ಮೋಣು ಹರಿಕಂತ್ರ ಬಲೆ ಒಣಹಾಕುವ ಹಗ್ಗ ಹರಿದುಕೊಂಡು.

ಜಾಗ ಸುಬ್ರಾಯ ಪಡ್ತಿಯದು.
ನೌಕಾನೆಲೆಗೆ ಮನೆ, ಮಾವು, ಬಾವಿ ಬಿಟ್ಟುಕೊಟ್ಟು ಬಂದವ,
ಪರಿಹಾರಕ್ಕೆ ಹದಿನೇಳು ವರ್ಷ ಕಾರವಾರದ ಮೆಟ್ಟಿಲು ಸವೆಸಿದವ.
“ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆ.
ಸಮುದ್ರ ಕೊಡ್ತದ್ಯೇ?” ಅಂದ.
ಅವನ ಮೊಮ್ಮಗಳು ಮೂರನೇ ಇಯತ್ತೆ.
ಅವತ್ತು ಅವಳ ಮುಂದೆ ನನ್ನ ಸೌಟು ಒಂದು ಗಳಿಗೆ ನಿಂತಿತು.
ಆಮೇಲೆ ಹಾಕಿದೆ. ತಟ್ಟೆಯನ್ನು ಯಾರೂ ಬಾಡಿಗೆಗೆ ಬಿಟ್ಟಿರಲಿಲ್ಲ.

ಅಕ್ಕೋರು ಅರ್ಜಿ ಬರೆದರು, ದುಂಡು ಅಕ್ಷರ.
ವಿಕಿರಣ ಎಂಬ ಶಬ್ದ ನಾಲ್ಕು ಸಲ ಬಂತು.
ಅಂದರೆ ಏನು, ಕೇಳಿದೆ.
ಕಾಣದ್ದು, ಅಂದರು. ವಾಸನೆ? ಅದೂ ಇಲ್ಲ.
ಕೆಡುಕು ಹೌದೋ ಅಲ್ಲವೋ ಅವರಿಗೂ ಖಾತ್ರಿಯಿರಲಿಲ್ಲ.
ಹಳಸಿತೇನೋ ಎಂದು ಅನುಮಾನ ಬಂದ ಸಾರನ್ನು
ನಾನು ಮಕ್ಕಳಿಗೆ ಬಡಿಸಿ ಪರೀಕ್ಷೆ ಮಾಡುವುದಿಲ್ಲ, ಚೆಲ್ಲುತ್ತೇನೆ,
ಇಷ್ಟೇ ಬರೆಯಿರಿ ಎಂದೆ.
ಅದನ್ನವರು ಬರೆಯಲಿಲ್ಲ.

ಹನ್ನೊಂದು ದಿನ ಕೂತೆವು ಗುಂಡಿಯ ಅಂಚಿಗೆ.
ಮೀನು ಮಾರಿ ಬಂದವರು ಬುಟ್ಟಿ ಬೋರಲು ಹಾಕಿ ಅದರ ಮೇಲೆ.
ಮಳೆ ಬಂದರೆ ಒಂದೇ ತಾಡಪಾಲಿನಡಿ ಎಲ್ಲರ ತಲೆ.
ಕಂಪನಿಯ ಹುಡುಗ, ಮೀಸೆ ಇನ್ನೂ ಗಟ್ಟಿಯಾಗದವ,
ಕಾಗದ ಬಿಡಿಸಿ, ಎಲ್ಲ ಮಿತಿಯೊಳಗಿದೆ ಅಂದ.
ಯಾರ ಮಿತಿ, ಕೇಳಿದಳು ಶೇವಂತಿ ತಾಂಡೇಲ.
ಅವನಿಗೆ ಚಾ ಕೊಟ್ಟವಳೂ ಅವಳೇ.
ಬೇಡ, ಎಂದೆವು ಕಡ್ಡಿ ಮುರಿದ ಹಾಗೆ.

ನಡುವೆ ಒಂದು ಮಾತು.
ನನ್ನ ಗಂಡ ಪರ್ಸೀನ್ ಬೋಟಿನಲ್ಲಿ.
ಗಾಳಿ ಎದ್ದ ರಾತ್ರಿಗಳಲ್ಲಿ ನಾನು ಫೋನು ಹಿಡಿದು ಗುಡ್ಡ ಹತ್ತುತ್ತೇನೆ,
ಚಿರೇಕಲ್ಲು ಕಡಿದ ಹೊಂಡದ ಅಂಚಿನವರೆಗೆ.
ಅಲ್ಲಿ ಒಂದು ಕಡ್ಡಿ. ಕೈ ಎತ್ತಿದರೆ ಎರಡು.
ಹಗಲು ಗುಂಡಿಯ ಬಳಿ ಬೇಡ ಬೇಡ ಎಂದು ಎತ್ತಿದ್ದು
ಅದೇ ಕೈ.
ಇದನ್ನು ಶೇವಂತಿಗೂ ಹೇಳಿರಲಿಲ್ಲ.

ಹನ್ನೆರಡನೇ ದಿನ ಕಬ್ಬಿಣ ಹೇರಿಕೊಂಡು ಹೋದರು.
ಗುಂಡಿ ಮುಚ್ಚಲಿಲ್ಲ, ಈಗ ಅದರಲ್ಲಿ ಕಪ್ಪೆ.
ಪಾಯಸ ಮಾಡಿದೆ, ಬೆಲ್ಲ ಸಾಲಲಿಲ್ಲ,
ಸುಬ್ರಾಯನ ಮೊಮ್ಮಗಳು ಎರಡು ಸಲ ಹಾಕಿಸಿಕೊಂಡಳು.

ಬೋಟುಗಳು ಮತ್ತೆ ಇಳಿದವು.
ಒಂದು ಮುಂಜಾನೆ ಮನೆಯ ಒಲೆಯ ಮುಂದೆ ಕೂತಿದ್ದಾಗ
ಸೊಂಟದಲ್ಲಿ ಫೋನು ಗುಂಯ್ ಅಂತು.
ಬಂಗಡೆ ಬಿದ್ದಿದೆ, ಅಂದ, ಪಕ್ಕದಲ್ಲೇ ಕೂತ ಹಾಗೆ ಅವನ ದನಿ.
ಗುಡ್ಡ ಹತ್ತಿರಲಿಲ್ಲ ನಾನು. ಕೈ ಎತ್ತಿರಲಿಲ್ಲ.
ನೋಡಿದೆ, ನಾಲ್ಕು ಕಡ್ಡಿ.

ಹೊಳೆಯಾಚೆ ಹಾಲಕ್ಕಿ ಕೊಪ್ಪ.
ಅಲ್ಲಿಯ ಅಂಗನವಾಡಿಗೆ ಬೆನ್ನು ಹಚ್ಚಿ ಎದ್ದಿದೆ,
ಕೆಂಪು, ಬಿಳಿ, ಮತ್ತೆ ಕೆಂಪು.
ಅಲ್ಲಿ ಯಾರೂ ಕೂತಿರಲಿಲ್ಲ. ನೆಟ್ಟಿಯ ದಿನ,
ಊರಿಗೆ ಊರೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿತ್ತು.
ಹದಿನಾಲ್ಕು ಕೂಸುಗಳಿಗೆ ಗಂಜಿ ಕಾಸುವವಳು ಹೊಸಬಿ.

ಮೊನ್ನೆ ಸಂತೆಯಲ್ಲಿ ಸಿಕ್ಕಳು, ಬಸಳೆ ಕಟ್ಟು ಹರಡಿಕೊಂಡು.
ಅರ್ಜಿಯ ನಕಲು ಒಯ್ದಿದ್ದೆ ನಾನು,
ಊರಿನ ಹೆಸರು ಹೊಡೆದು ಬೇರೆ ಬರೆದರೆ ಸಾಕಿತ್ತು.
ಮಳೆಯ ಮಾತಾಡಿದೆವು, ಅವಳ ಮಗಳ ಬಸುರಿನ ಮಾತಾಡಿದೆವು.
ಬೆಲೆಗಿಂತ ಐದು ರೂಪಾಯಿ ಹೆಚ್ಚು ಕೊಟ್ಟೆ.
ಎಣಿಸಿ, ವಾಪಸು ಕೊಟ್ಟಳು.

ಮನೆಗೆ ಬಂದು ಚೀಲ ಸುರಿದರೆ
ಬಸಳೆಯ ಅಡಿ ಒದ್ದೆಯಾಗಿ ಕೂತಿತ್ತು
ಮಾನ್ಯರೇ, ಎಂಬ ದುಂಡು ಅಕ್ಷರ.