ಎಳೆಯ ತುದಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ಬಂದರೆ
ಶಾಯಿಸ್ತಾ ಹೊಸ್ತಿಲಲ್ಲಿ,
ಬಲಗಣ್ಣಿಗೆ ಪಟ್ಟಿ, ಅದರ ಮೇಲೆ ಕನ್ನಡಕ.
ದಿನಾ ಎರಡು ಗಂಟೆ, ಅಂದಿದ್ದಾರೆ ಡಾಕ್ಟರಮ್ಮ:
ಚೆನ್ನಾಗಿರೋದನ್ನ ಮುಚ್ಚಿಡಿ,
ಸೋಮಾರಿ ಎಡಗಣ್ಣು ದುಡೀಲಿ.

“ಅಬ್ಬಾ, ಒಳ್ಳೇ ಕಣ್ಣು ಏನು ತಪ್ಪು ಮಾಡ್ತು?”

ನನ್ನ ಹತ್ತಿರ ಉತ್ತರ ಎಲ್ಲಿದೆ.
ಬೇಯಿಸಿದ ಗೂಡೊಂದನ್ನು ತಣಿಸಿ ಅಂಗೈಗಿಟ್ಟೆ:
ಹುಡುಕು, ಎಳೆಯ ತುದಿ.

ಮೊದಲ ವಾರ ಗೋಡೆಗೆ ಢಿಕ್ಕಿ, ಅಳು.
ಒಂದು ದಿನ ಪಟ್ಟಿ ಕಿತ್ತು
ಬೆಕ್ಕಿನ ಬೆನ್ನಿಗಂಟಿಸಿದಳು.
ಆಮೇಲೆ ಯಾವಾಗಲೋ, ಅಳು ಮರೆತು,
ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು
ಉಸಿರೂ ಬಿಡದೆ...

ನನ್ನ ಚಾಳೀಸು ಕಣ್ಣಿಗೆ ಸಿಗದ ತುದಿ
ಅವಳ ಉಗುರಿಗೆ ಸಿಕ್ಕಿತು.
ಗೂಡು ಅಂಗೈಯಲ್ಲಿ ಗಿರ್ರನೆ ತಿರುಗಿತು.

ಇನ್ನೂ ಆರು ತಿಂಗಳಿದೆ.
ಪಟ್ಟಿ ಬಿಚ್ಚಿದಾಗಲೆಲ್ಲ
ಹುಬ್ಬಿನ ಒಂದೆರಡು ಕೂದಲು ಅಂಟಿ ಬರುತ್ತವೆ,
ಅವನ್ನೂ ಎಣಿಸಿ ಹೇಳುತ್ತಾಳೆ.